ಅಪ್ಪನಿರುವ ಮಗನ ಮುಂದೆ ಕುರಿಯ ತಲೆ

ಉಲ್ಮೆಕೆನ್‌ಗೆ ಈ ಲೋಕದಲ್ಲಿ ಯಾವುದೂ ಸರಿಬರುತ್ತಿರಲಿಲ್ಲ. ಜಾನಾಓಜೆನ್ ಪಟ್ಟಣದ ಎಣ್ಣೆಬಾವಿ ಕೆಲಸಗಾರರ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ಸೌಟು ಹಿಡಿದವಳು ಅವಳು. ಸರತಿಯಲ್ಲಿ ನಿಂತವನು ತಟ್ಟೆ ಹಿಡಿದ ರೀತಿ ನೋಡಿಯೇ ಅವನ ಯೋಗ್ಯತೆ ಹೇಳಿಬಿಡುತ್ತಿದ್ದಳು. ತಟ್ಟೆ ಮುಂದಕ್ಕೆ ಚಾಚಿದವನು ಆಸೆಬುರುಕ, ಎದೆಗೆ ಅವಚಿಕೊಂಡವನು ಕಪಟಿ, ಎರಡೂ ಅಲ್ಲದವನು ಹೆಂಡತಿಗೆ ಹೆದರುವ ಆಸಾಮಿ. ಇನ್ನೊಂದು ಬಗೆಯ ಮನುಷ್ಯ ಅಷ್ಟು ವರ್ಷದಲ್ಲಿ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ನಿವೃತ್ತಿಯ ದಿನ ಮ್ಯಾನೇಜರು ಗೋಡೆ ಗಡಿಯಾರ ಕೊಟ್ಟು ಉದ್ದಕ್ಕೆ ಹೊಗಳಿದಾಗ, "ಭಾಷಣ ಚೆನ್ನಾಗಿತ್ತು, ಉಪ್ಪು ಹಾಕೋದು ಮರೆತಿದ್ರಿ" ಎಂದು ಗಡಿಯಾರವನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಬಂದಳು. ಲಾರಿ ಓಡಿಸುತ್ತಿದ್ದ ಗಂಡ ಅರವತ್ತು ತುಂಬುವ ಮೊದಲೇ ತೀರಿಕೊಂಡಾಗಲೂ ಅವಳು ಅಂದದ್ದು, "ಈ ಮನುಷ್ಯ ಯಾವ ಕೆಲಸಾನೂ ಪೂರ್ತಿ ಮಾಡಿದವನಲ್ಲ" ಎಂದೇ. ಆಮೇಲೆ ವರ್ಷವಿಡೀ ಯಾರ ಮನೆಯ ಮದುವೆಗೂ ಹೋಗಲಿಲ್ಲ, ಅದು ಬೇರೆ ಮಾತು.

ತಿರಸ್ಕಾರದ ದೊಡ್ಡ ಪಾಲನ್ನು ಮಾತ್ರ ಅವಳು ತಮ್ಮನಿಗಾಗಿ ಎತ್ತಿಟ್ಟಿದ್ದಳು. ತಮ್ಮನ ಹೆಸರು ಸಗಿದೊಲ್ಲಾ. ಯಾವುದೋ ನೀರಿನ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ಹೊತ್ತವನು ಆ ಬೇಸಿಗೆಯಲ್ಲಿ ಅದರ ಉಪ ಮುಖ್ಯಸ್ಥನಾದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಬಿಳಿ ಜೀಪು ಕೊಂಡ. ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯತೊಡಗಿತು. ಫೋನು ಎತ್ತಿದರೆ ಈಗ "ಹಲೋ" ಇಲ್ಲ, "ಕೇಳ್ತಿದೀನಿ, ಹೇಳಿ" ಎನ್ನುವ ಗತ್ತು. ಊರಿಗೆ ನೀರು ಬರುವುದು ಎರಡು ದಿನಕ್ಕೊಮ್ಮೆಯೇ, ಮೊದಲಿನ ಹಾಗೆಯೇ.

ಆದರೆ ಅವಳ ಜಗಳ ನೀರಿನದಲ್ಲ, ಅಪ್ಪನದು. ಅಪ್ಪ ಕೊಸ್ಬೆರ್ಗೆನ್ ಎಂಬತ್ತೇಳರ ಮುದುಕ, ಬದುಕೆಲ್ಲ ಒಂಟೆ ಮೇಯಿಸಿದವನು. ಆರು ವರ್ಷದ ಹಿಂದೆ ಸಗಿದೊಲ್ಲಾನ ಹೆಂಡತಿ ಬಿಬಜಾರ್ ಮನೆ ರಿಪೇರಿ ಎತ್ತಿಕೊಂಡಳು. "ಎರಡು ತಿಂಗಳ ಮಟ್ಟಿಗೆ ಅಪ್ಪ ನಿನ್ನ ಹತ್ರ ಇರ್ಲಿ ಅಕ್ಕಾ, ಧೂಳು ಆಗಲ್ಲ ಅವರಿಗೆ" ಎಂದು ಸಗಿದೊಲ್ಲಾ ಅಪ್ಪನನ್ನೂ ಅವನ ಹಾಸಿಗೆಯನ್ನೂ ತಂದು ಇಳಿಸಿ ಹೋದ. ಆ ರಿಪೇರಿ ಇನ್ನೂ ಮುಗಿದಿಲ್ಲ. ಗೋಡೆಗೆ ಕಾಗದ ಅಂಟಿಸಿ, ಬಣ್ಣ ಹಿಡಿಸಲಿಲ್ಲವೆಂದು ಕಿತ್ತು, ಮತ್ತೆ ಅಂಟಿಸಿ, ಆಮೇಲೆ ಅಪ್ಪನಿದ್ದ ಕೋಣೆಯಲ್ಲಿ ಓಡುವ ಯಂತ್ರವೊಂದನ್ನು ತಂದಿಟ್ಟರು. ಅದರ ಮೇಲೆ ಯಾರೂ ಓಡಿದ್ದನ್ನು ಕಂಡವರಿಲ್ಲ, ಬಟ್ಟೆ ಒಣಗುತ್ತಿತ್ತು.

ಅಪ್ಪನಿಗೆ ಮಗಳ ಮನೆಯಲ್ಲಿ ಊಟಕ್ಕೆ ಕೊರತೆಯಿರಲಿಲ್ಲ. ಅವನ ಚಿಂತೆ ಬೇರೆಯದು. "ಗಂಡುಮಗನ್ನ ಹೆತ್ತವನು ನಾನು. ಅಳಿಯನ ಮನೆಯಿಂದ ನನ್ನ ಹೆಣ ಎತ್ತಿದ್ರೆ ಜನ ಏನಂತಾರೆ? ಮಗನ ಹೊಸ್ತಿಲಿಂದ ಹೊರಡ್ಬೇಕು ನಾನು" ಎಂದು ದಿನ ಬೆಳಗಾದರೆ ಇದೇ. ಅದು ಸರಿಯಾದ ಮಾತೆಂದು ಉಲ್ಮೆಕೆನ್‌ಗೂ ಗೊತ್ತಿತ್ತು. ಮುದುಕನ ಉಸಿರು ಆ ಬೇಸಿಗೆಯಲ್ಲಿ ಬಚ್ಚಲಿಗೆ ಹೋಗಿ ಬರುವಷ್ಟರಲ್ಲೇ ಕಟ್ಟತೊಡಗಿತ್ತು. ಇನ್ನೊಂದು ಚಳಿಗಾಲ ದಾಟುತ್ತಾನೆಂಬ ನೆಚ್ಚಿಕೆ ಅವಳಿಗಿರಲಿಲ್ಲ. ಅಷ್ಟರೊಳಗೆ ಅವನನ್ನು ಮಗನ ಮನೆ ಸೇರಿಸಬೇಕು, ಅಷ್ಟೇ ಅವಳ ಹಟ.

ಅಕ್ಟೋಬರಿನಲ್ಲಿ ತಮ್ಮ ಫೋನು ಮಾಡಿದ.

"ಅಕ್ಕಾ, ಬೆಕೆಟ್-ಅತಾಗೆ ಹೊರಟಿದೀವಿ, ನೀನೂ ಬಾ. ದಾರೀಲಿ ನೆಂಟರಿಷ್ಟರನ್ನೂ ಕಂಡು ಬರೋಣ."

"ಅಪ್ಪನ ವಿಷಯ ಏನು ಮಾಡ್ದೆ?"

"ಅಲ್ಲಿ, ಆ ಸಂತರ ಸನ್ನಿಧಿಯಲ್ಲೇ ಹೇಳ್ತೀನಿ. ಮಾತು ಅಂದ್ರೆ ಮಾತು."

"ಒಂದು ಮಾತು ಆಡೋಕೆ ಅಷ್ಟು ದೂರ ಹೋಗ್ಬೇಕಾ? ನಿನ್ನ ನಾಲಿಗೆ ಅಲ್ಲೇನಾದ್ರೂ ಅಡವಿಟ್ಟಿದೀಯಾ?"

ಆದರೂ ಹೊರಟಳು. ಕಲ್ಲು ದಾರಿಯ ಕುಲುಕಾಟ ಅಪ್ಪನ ಬೆನ್ನಿಗೆ ಆಗುವಂತಿರಲಿಲ್ಲ. ಪಕ್ಕದ ಮನೆಯಾಕೆಗೆ ಅವನ ಸಾರು, ಮಾತ್ರೆ, ಬೈಗುಳ ಎಲ್ಲವನ್ನೂ ಒಪ್ಪಿಸಿ ಜೀಪಿನ ಹಿಂದಿನ ಸೀಟಿನಲ್ಲಿ ಕೂತಳು. ಮುಂದೆ ಬಿಬಜಾರ್, ತೀರ್ಥಯಾತ್ರೆಗೆಂದು ಹೊಲಿಸಿದ ಹಾಲುಬಣ್ಣದ ನಿಲುವಂಗಿಯಲ್ಲಿ. ಧೂಳಿನ ದಾರಿಗೆ ಹಾಲುಬಣ್ಣ.

ಸೆನೆಕ್ ಹಳ್ಳಿಯವರೆಗೆ ಡಾಂಬರು ಚೆನ್ನಾಗಿತ್ತು. ಬೇಸಿಗೆಯ ಬೆಂಕಿ ಹೋಗಿ ಬಿಸಿಲು ಮೈಗೆ ಹಿತವಾಗುವ ಕಾಲ. ಮರಳುದಿಬ್ಬಗಳ ಅಂಚಿನಲ್ಲಿ ಒಂಟೆಗಳು ಚಳಿಗಾಲದ ಹೊಸ ಕೂದಲು ಹೊತ್ತು, ಯಾರ ಹಂಗೂ ಇಲ್ಲದಂತೆ ರಸ್ತೆಯ ನಡುವೆಯೇ ನಿಂತಿದ್ದವು. ಸಗಿದೊಲ್ಲಾ ಹಾರ್ನ್ ಬಾರಿಸಿದ. ಒಂಟೆ ಕದಲಲಿಲ್ಲ. "ಅದಕ್ಕೆ ನಿನ್ನ ಹುದ್ದೆ ಗೊತ್ತಿಲ್ಲ, ಇಳಿದು ಹೇಳ್ಬಿಟ್ಟು ಬಾ" ಎಂದಳು ಅಕ್ಕ.

ಸೆನೆಕ್‌ನಲ್ಲಿ ಇಳಿದದ್ದು ಒತಾರ್ಬಾಯ್ ಮನೆಯಲ್ಲಿ. ಒತಾರ್ಬಾಯ್ ಎಂದರೆ ಅವರ ದೊಡ್ಡಪ್ಪನ ಮಗ. ಹತ್ತು ವರ್ಷ ಸುದ್ದಿಯಿಲ್ಲದವನು ಬಿಳಿ ಜೀಪು ಕಂಡು ಗೇಟಿನ ಎರಡೂ ಬಾಗಿಲು ತೆರೆದ. ನೀರಿನ ಕಚೇರಿಯಲ್ಲಿ ಸಗಿದೊಲ್ಲಾ ಹುದ್ದೆಗೇರಿದ್ದು ಅವನಿಗೆ ಗೊತ್ತಿತ್ತು, ಅವನ ಹಿತ್ತಲ ಕೊಳಾಯಿಗೆ ನೀರು ಬರುತ್ತಿರಲಿಲ್ಲ. ಒಳಗೆ ಕೂತಾಗ ಎಣ್ಣೆಯಲ್ಲಿ ಕರಿದ ರೊಟ್ಟಿ ಬಂತು, ರೊಟ್ಟಿಯ ಮುಂದೆ ಒತಾರ್ಬಾಯ್ ಮಂಡಿಯೂರಿ ಕುರಾನ್ ಓದಿದ. ಓದಿ ಮುಗಿಸಿ, ಪದ್ಧತಿಯ ಹಾಗೆ, ಅದರ ಪುಣ್ಯ ಮನೆತನದ ಸತ್ತವರಿಗೆಲ್ಲ ಸೇರಲಿ ಎಂದು ಒಬ್ಬೊಬ್ಬರ ಹೆಸರು ಹಿಡಿದು ಹೇಳತೊಡಗಿದ. ಅಜ್ಜ, ಅಜ್ಜಿ, ತನ್ನ ಅಪ್ಪ, ತನ್ನ ಅಮ್ಮ. ಕೊನೆಗೆ ಹೇಳಿದ: "ಕೊಸ್ಬೆರ್ಗೆನ್ ಚಿಕ್ಕಪ್ಪನ ಆತ್ಮಕ್ಕೂ ಸೇರಲಿ."

ಉಲ್ಮೆಕೆನ್ ತಲೆಯೆತ್ತಿದಳು. ಎರಡು ಚಳಿಗಾಲದ ಹಿಂದೆ ತೀರಿಕೊಂಡದ್ದು ಅಪ್ಪನ ತಮ್ಮ. ಸುದ್ದಿ ಮರಳುಗಾಡು ದಾಟಿ ಸೆನೆಕ್ ಮುಟ್ಟುವಷ್ಟರಲ್ಲಿ ಹೆಸರು ಬದಲಾಗಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಇವರು. ವಿಚಾರಿಸೋಣವೆಂದು ಒಂದು ಫೋನು ಮಾಡಿದವರಿಲ್ಲ. ಆದರೆ ಪ್ರಾರ್ಥನೆಯ ನಡುವೆ ಬಾಯಿ ಹಾಕುವಂತಿರಲಿಲ್ಲ. ಎಲ್ಲರ ಅಂಗೈಗಳೂ ಮೇಲೆದ್ದವು. ಅರವತ್ತು ವರ್ಷದ ಅಭ್ಯಾಸ, ಅವಳ ಅಂಗೈಗಳೂ ಎದ್ದವು. "ಆಮೀನ್" ಎಂದು ಎಲ್ಲರೂ ಮುಖ ಸವರಿಕೊಂಡರು, ಅವಳೂ ಸವರಿಕೊಂಡಳು. ಸವರಿಕೊಂಡ ಮೇಲೆ, ಗಂಡಸು, ಮುಖ್ಯ ಅತಿಥಿ, ಮಗ, ಅವನೇ ತಿದ್ದಲಿ ಎಂದು ತಮ್ಮನ ಕಡೆ ನೋಡಿದಳು. ತಮ್ಮ ರೊಟ್ಟಿ ಮುರಿಯುತ್ತಿದ್ದ.

ಆಮೇಲೆ ಮಾಂಸದ ಹರಿವಾಣ ಬಂತು. ಅದರ ಮೇಲೆ ಬೇಯಿಸಿದ ಕುರಿಯ ತಲೆ. ಒತಾರ್ಬಾಯ್ ಅದರ ಮೂತಿಯನ್ನು ಸಗಿದೊಲ್ಲಾನ ಕಡೆ ತಿರುಗಿಸಿ ಇಟ್ಟು, ಚಾಕುವಿನ ಹಿಡಿಯನ್ನು ಅವನಿಗೆ ಚಾಚಿದ.

ಅಪ್ಪ ಬದುಕಿರುವ ಮಗ ಕುರಿಯ ತಲೆ ಮುಟ್ಟುವುದಿಲ್ಲ. ನೂರು ವರ್ಷದ ಅಪ್ಪ ಹಾಸಿಗೆ ಹಿಡಿದಿದ್ದರೂ ಎಪ್ಪತ್ತರ ಮಗ "ನನ್ನ ಅಪ್ಪ ಇದ್ದಾರೆ" ಎಂದು ಹರಿವಾಣವನ್ನು ಪಕ್ಕದವನಿಗೆ ಸರಿಸುತ್ತಾನೆ, ಆ ಸರಿಸುವುದರಲ್ಲೇ ಒಂದು ಹೆಮ್ಮೆಯಿದೆ. ಅದನ್ನು ಕೈಗೆ ತೆಗೆದುಕೊಂಡರೆ ಅಪ್ಪನನ್ನು ಮಣ್ಣು ಮಾಡಿ ಬಂದ ಹಾಗೆಯೇ. ಇದನ್ನು ಅಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಸಗಿದೊಲ್ಲಾ ಒಮ್ಮೆ ಅಕ್ಕನನ್ನು ನೋಡಿದ. ಆಮೇಲೆ ಹರಿವಾಣದ ಸುತ್ತ ಕೂತು ತನ್ನನ್ನೇ ನೋಡುತ್ತಿದ್ದ ಹನ್ನೆರಡು ಮುಖಗಳನ್ನು ನೋಡಿದ. ಬದುಕಿನಲ್ಲಿ ಮೊದಲ ಸಲ ಅವನ ಮುಂದೆ ತಲೆ ಬಂದಿತ್ತು. ಚಾಕು ತೆಗೆದುಕೊಂಡ. ಕೆನ್ನೆಯ ಮಾಂಸ ಕೊಯ್ದು ಬಾಯಿಗಿಟ್ಟುಕೊಂಡ, ಕಿವಿ ಕೊಯ್ದು ಮನೆಯ ಕೂಸಿಗೆ ಕೊಟ್ಟ, ಎಲ್ಲ ಬಹಳ ದಿನದಿಂದ ಬಲ್ಲವನ ಹಾಗೆ. ಕನ್ನಡಿ ಮುಂದೆ ಅಭ್ಯಾಸ ಮಾಡಿರಬೇಕು ಎಂದುಕೊಂಡಳು ಉಲ್ಮೆಕೆನ್. ಮಾಂಸ ನೂಲುನೂಲಾಗುವಷ್ಟು ಬೆಂದಿತ್ತು, ಅದಕ್ಕೂ ಅವಳಿಗೆ ಸಿಟ್ಟು ಬಂತು.

ಒತಾರ್ಬಾಯ್ ಹತ್ತಿರವೇ ಒಂದು ಕುರಿ ಕೊಂಡು, ಕಾಲು ಕಟ್ಟಿ ಹಿಂದೆ ಹಾಕಿಕೊಂಡು ಹೊರಟರು. ಹಳ್ಳಿ ದಾಟಿದ್ದೇ ಅವಳು ಕೇಳಿದಳು.

"ಏನು ಮಾಡ್ದೆ ನೀನು ಅಲ್ಲಿ?"

"ಏನ್ ಮಾಡ್ಲಿ ಅಕ್ಕಾ, ಎದುರಿಗೆ ತಂದು ಇಟ್ಟುಬಿಟ್ರು. ಬದುಕಿರೋ ಮನುಷ್ಯನಿಗೆ ಕುರಾನ್ ಓದಿದೆ ಅಂತ ಗೊತ್ತಾಗಿದ್ರೆ ಒತಾರ್ಬಾಯ್ ನಾಚಿಕೆಯಿಂದ ಸತ್ತೇಹೋಗ್ತಿದ್ದ."

"ಅವನು ಸಾಯ್ಬಾರ್ದು ಅಂತ ಅಪ್ಪನ್ನ ಸಾಯಿಸ್ದೆ."

"ಸಣ್ಣ ವಿಷಯ ದೊಡ್ಡದು ಮಾಡ್ಬೇಡಿ ಅಕ್ಕಾ" ಎಂದಳು ಬಿಬಜಾರ್, ತಿರುಗಿ ನೋಡದೆ. "ಊರಿಗೆ ಹೋಗಿ ನಿಧಾನಕ್ಕೆ ಫೋನ್ ಮಾಡಿ ಹೇಳ್ತಾರೆ. ಅಷ್ಟಕ್ಕೂ ನೀವೂ ಆಮೀನ್ ಅಂದ್ರಲ್ಲ."

ಅದು ನೆಟ್ಟಗೆ ನಾಟಿತು. ಉಲ್ಮೆಕೆನ್ ಕಿಟಕಿಯ ಹೊರಗೆ ನೋಡುತ್ತ ಕೂತಳು. ತಮ್ಮನ ಹೆಂಡತಿಗೆ ಬುದ್ಧಿಯಿದೆಯೆಂದು ಅವಳು ಆವರೆಗೆ ಅಂದುಕೊಂಡಿರಲಿಲ್ಲ. ಇದ್ದದ್ದು ಇನ್ನೂ ಕೆಟ್ಟದ್ದು.

ಡಾಂಬರು ಹಿಂದೆ ಉಳಿದು ದಾರಿ ಹತ್ತು ಕವಲಾಗಿ ಬಯಲಿನಲ್ಲಿ ಹರಡಿತು. ಅದರಲ್ಲೊಂದು ಕವಲಿನ ಕೊನೆಗೆ ಅಪ್ಪನ ಚಿಕ್ಕಪ್ಪನ ಮಗಳು ಬಾಲ್ಸೆಕೆರ್ ಅತ್ತೆಯ ಚಳಿಗಾಲದ ಬಿಡಾರ. ಎಂಬತ್ತರ ಮುದುಕಿ. ಒತಾರ್ಬಾಯ್ ಆಗಲೇ ಫೋನು ಮಾಡಿದ್ದ. ಜೀಪು ನಿಲ್ಲುವ ಮೊದಲೇ ಮುದುಕಿ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು ದನಿ ತೆಗೆದಳು. ಸತ್ತವರ ಮನೆಯವರನ್ನು ಮೊದಲ ಸಲ ಕಂಡಾಗ, ವರ್ಷ ಕಳೆದಿದ್ದರೂ, ಹಾಗೆ ಅಪ್ಪಿಕೊಂಡು ಹಾಡಿ ಅಳಬೇಕು. ಬಾಲ್ಸೆಕೆರ್ ಉಲ್ಮೆಕೆನ್‌ಳ ಕೊರಳಿಗೆ ಬಿದ್ದು ಹಾಡಿದಳು: ನೀರಿಲ್ಲದ ಕಡೆ ಬಾವಿ ಕಂಡವನು ನೀನು, ಕಳೆದ ಒಂಟೆಯ ಹೆಜ್ಜೆ ಓದಿದವನು ನೀನು, ನನ್ನ ಮದುವೆಗೆ ಮೂರು ದಿನ ನಡೆದು ಬಂದವನು ನೀನು, ಈಗ ಯಾವ ದಾರಿ ಹಿಡಿದೆ ಅಣ್ಣಾ.

ಬದುಕಿದ್ದಾಗ ಒಂದು ಹಿಡಿ ಉಪ್ಪು ಕಳಿಸದ ನೆಂಟರು ಸತ್ತಾಗ ಇಷ್ಟು ಚೆಂದ ಅಳುತ್ತಾರಲ್ಲ ಎಂದು ಉಲ್ಮೆಕೆನ್‌ಗೆ ಮೈಯೆಲ್ಲ ಉರಿಯಿತು. ಅದೇ ಹೊತ್ತಿಗೆ ಕಣ್ಣಲ್ಲಿ ನೀರು ಬಂತು. ಅವಳು ಯಾರಿಗಾಗಿ ಅಳುತ್ತಿದ್ದಳೋ ಆ ಮನುಷ್ಯ ಆಗ ಜಾನಾಓಜೆನ್‌ನಲ್ಲಿ ಸಾರಿಗೆ ಮಾಂಸ ಸಾಲದೆಂದು ಪಕ್ಕದ ಮನೆಯಾಕೆಯ ವಂಶ ಜಾಲಾಡುತ್ತಿದ್ದನೆಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಆದರೂ ಅತ್ತಳು. ಈ ಮುದುಕಿಗೆ ಈಗ ನಿಜ ಹೇಳಿ, ಆ ಹಾಡನ್ನು ಅವಳ ಬಾಯಿಗೇ ವಾಪಸು ತುರುಕುವುದು ಅವಳಿಂದ ಆಗಲಿಲ್ಲ. ಅತ್ತು ಮುಗಿದ ಮೇಲೆ ಮುದುಕಿ ಪೆಟ್ಟಿಗೆಯಿಂದ ಒಂದು ರೇಷ್ಮೆ ತಲೆವಸ್ತ್ರ ತೆಗೆದು ಅವಳ ಹೆಗಲಿಗೆ ಹಾಕಿದಳು.

ಒಳಗೆ ಎರಡನೆಯ ತಲೆ ಕಾದಿತ್ತು. ಈ ಸಲ ಸಗಿದೊಲ್ಲಾ ಅಕ್ಕನ ಮುಖ ನೋಡಲಿಲ್ಲ.

"ಕೊನೇಗಾಲದಲ್ಲಿ ಬಹಳ ನರಳಿದ್ನಾ ಅಣ್ಣ?" ಎಂದು ಬಾಲ್ಸೆಕೆರ್ ಕೇಳಿದಳು.

ಸಗಿದೊಲ್ಲಾ ಅಗಿಯುತ್ತ ನಿಟ್ಟುಸಿರು ಬಿಟ್ಟ. ಉತ್ತರ ಕೊಟ್ಟವಳು ಬಿಬಜಾರ್. "ಏನೂ ಕಮ್ಮಿ ಆಗದ ಹಾಗೆ ನೋಡ್ಕೊಂಡ್ವಿ ಅತ್ತೆ. ಅವರ ಕೋಣೆ ಇವತ್ತಿಗೂ ಹಾಗೇ ಇದೆ."

ಉಲ್ಮೆಕೆನ್ ಕೈಯಲ್ಲಿದ್ದ ಮಾಂಸವನ್ನು ಹರಿವಾಣಕ್ಕೆ ವಾಪಸು ಇಟ್ಟಳು. ಆರು ವರ್ಷ ಅವನ ಬೆನ್ನು ಉಜ್ಜಿದವಳು, ಉಗುರು ಕತ್ತರಿಸಿದವಳು, ಒದ್ದೆ ಹಾಸಿಗೆ ಬಿಸಿಲಿಗೆ ಹಾಕಿದವಳು ತಾನು. ಆ ಕೋಣೆಯಲ್ಲಿ ಓಡುವ ಯಂತ್ರ. ಅಲ್ಲೇ ಹರಿವಾಣ ಎತ್ತಿ ಇಬ್ಬರ ತಲೆಯ ಮೇಲೂ ಸುರಿಯಬೇಕೆನ್ನಿಸಿತು. ತಡೆದುಕೊಂಡಳು. ಬೆಕೆಟ್-ಅತಾ ಇನ್ನೂ ಮುಂದಿತ್ತು. ಅಲ್ಲಿ ಅಪ್ಪನನ್ನು ಕರೆದೊಯ್ಯುವ ಮಾತು ಕೊಟ್ಟರೆ ಇದೆಲ್ಲವನ್ನೂ ನುಂಗಿಬಿಡುತ್ತೇನೆ, ಕೊಡದಿದ್ದರೆ ನುಂಗುವುದಿಲ್ಲ ಎಂದು ಅವಳು ತೀರ್ಮಾನಿಸಿದಳು.

ಬೆಕೆಟ್-ಅತಾಗೆ ಹೋಗುವವರು ಮೊದಲು ಶೋಪಾನ್-ಅತಾದಲ್ಲಿ ಇಳಿದು ಹೋಗಬೇಕು, ಗುರುವನ್ನು ದಾಟಿ ಶಿಷ್ಯನ ಮನೆಗೆ ಹೋಗುವಂತಿಲ್ಲ. ಅಲ್ಲಿ ಮಲಗೆದ್ದು ಬೆಳಗ್ಗೆ ಹೊರಟರೆ ಉಸ್ತ್ಯುರ್ಟ್‌ನ ಬಯಲು, ನೋಡಿದಷ್ಟೂ ಮಣ್ಣು, ಮಣ್ಣಿನ ಕೊನೆಗೆ ಸುಣ್ಣದ ಬಿಳಿ ಕಮರಿಗಳು. ದಾರಿಯಲ್ಲಿ ಅಲ್ಮಾಟಿ ಕಡೆಯ ಯುವಕ ಯುವತಿಯರು ಎರಡೆರಡು ಕೋಲು ಊರಿಕೊಂಡು, ಬೆನ್ನಿಗೆ ಮೂಟೆ ಕಟ್ಟಿಕೊಂಡು, ಫೋಟೋ ತೆಗೆದುಕೊಳ್ಳುತ್ತ ಕಮರಿಯ ಅಂಚಿನಲ್ಲಿ ಸಾಲಾಗಿ ನಡೆಯುತ್ತಿದ್ದರು. ಕಾರು ಪಕ್ಕದಲ್ಲೇ ನಿಂತಿತ್ತು.

"ಇವ್ರಿಗೇನು ಬಂತು?" ಎಂದಳು ಉಲ್ಮೆಕೆನ್.

"ನಡೆಯೋದಕ್ಕೇ ಬರ್ತಾರೆ ಅಕ್ಕಾ, ಅದೊಂದು ಹವ್ಯಾಸ" ಎಂದ ಸಗಿದೊಲ್ಲಾ.

"ಅಪ್ಪ ಬದುಕೆಲ್ಲ ಇದೇ ಹವ್ಯಾಸ ಮಾಡ್ದ. ಅವನ ಫೋಟೋ ಯಾರೂ ತೆಗೀಲಿಲ್ಲ."

ಬೆಕೆಟ್-ಅತಾದಲ್ಲಿ ತಂದ ಕುರಿಯನ್ನು ಮೇಲಿನ ಅತಿಥಿಗೃಹದವರಿಗೆ ಒಪ್ಪಿಸಿ ಇಳಿಯತೊಡಗಿದರು. ಬಂಡೆಯೊಳಗೆ ಕೊರೆದ ಮಸೀದಿ ಕೆಳಗಿದೆ. ಕಮರಿಯ ಪಕ್ಕೆಯಲ್ಲಿ ಸುತ್ತಿ ಸುತ್ತಿ ಇಳಿಯುವ ಕಾಲುದಾರಿ. ಉಲ್ಮೆಕೆನ್‌ಳ ಮಂಡಿಗಳು ಮೂವತ್ತು ವರ್ಷ ಒಲೆಯ ಮುಂದೆ ನಿಂತು ಸವೆದಿದ್ದವು. ಆದರೂ ಅವಳೇ ಮುಂದೆ. ಬಿಬಜಾರ್ ಮೊದಲ ತಿರುವಿನಲ್ಲೇ ಹಿಮ್ಮಡಿ ನೋಯುತ್ತದೆಂದು ಕೂತಳು. ಸಗಿದೊಲ್ಲಾ ಹೊಟ್ಟೆಯನ್ನು ಹಿಡಿದುಕೊಂಡು ಅಡ್ಡಡ್ಡ ಇಳಿದ. ಬಂಡೆಯ ಮೇಲೆ ಕಾಡುಕುರಿಯೊಂದು ನಿಂತು ಅವನನ್ನೇ ನೋಡುತ್ತಿತ್ತು, ಹಾಗೆ ನೋಡಿದ್ದಕ್ಕೆ ಉಲ್ಮೆಕೆನ್‌ಗೆ ಅದು ಹಿಡಿಸಿತು.

ಪ್ರಾರ್ಥನೆ ಮುಗಿಸಿ ತಮ್ಮ ಹೊರಬಂದಾಗ ಅವನ ಕಣ್ಣು ಒದ್ದೆಯಾಗಿತ್ತು. ಅವಳು ಮೆಟ್ಟಿಲ ಹತ್ತಿರ ಕಾದಿದ್ದಳು.

"ಹೇಳು."

"ಏನು ಹೇಳ್ಲಿ?"

"ಹೇಳ್ತೀನಿ ಅಂತ ಇಲ್ಲಿಗಂಟ ಕರ್ಕೊಂಡು ಬಂದ್ಯಲ್ಲ, ಅದು."

"ಅಕ್ಕಾ, ಒಳಗೆ ಕೂತಾಗ ಮನಸ್ಸು ಎಷ್ಟು ಹಗುರ ಆಯ್ತು ಅಂತೀಯ. ಅಪ್ಪ ಇರೋ ಜಾಗದಲ್ಲೇ ನೆಮ್ಮದಿಯಾಗಿದಾರೆ ಅಂತ ಒಳಗಿಂದ ಯಾರೋ ಹೇಳಿದ ಹಾಗಾಯ್ತು."

"ಯಾರು, ಬಿಬಜಾರಾ?"

"ನೀನು ಎಲ್ಲಾದಕ್ಕೂ ಹೀಗೇ. ಅಪ್ಪ ನಿನಗೆ ಒಗ್ಗಿಹೋಗಿದಾರೆ. ನಮ್ಮಲ್ಲಿ ಬಂದು ಹೋಗೋ ದೊಡ್ಡವರು ಇರ್ತಾರೆ ಈಗ, ಅವರ ಮುಂದೆ ಅಪ್ಪ ಏನೇನೋ ಮಾತಾಡ್ತಾರೆ, ಉಗುಳ್ತಾರೆ. ವಸಂತ ಬರ್ಲಿ, ನೋಡೋಣ."

"ಎಂಬತ್ತೇಳು ವರ್ಷದವನಿಗೆ ವಸಂತ ತೋರಿಸ್ಬೇಡ."

ಅವನು ಹತ್ತುವ ದಾರಿಯ ಕಲ್ಲುಬೆಂಚುಗಳಲ್ಲಿ ಒಂದನ್ನೂ ಬಿಡದೆ ಕೂತ. ಅವಳು ಕಾಯಲಿಲ್ಲ. ಒಬ್ಬಳೇ ಹತ್ತುವಾಗ ಅವಳ ಉಸಿರು ಸಿಳ್ಳೆ ಹೊಡೆಯುತ್ತಿತ್ತು, ಮನಸ್ಸು ಮಾತ್ರ ಸ್ವಚ್ಛವಾಗಿತ್ತು. ಇನ್ನು ನುಂಗುವುದು ಏನೂ ಇಲ್ಲ.

ಮೇಲಿನ ಊಟದ ಕೋಣೆಯಲ್ಲಿ ನೆಲದ ಮೇಲೆ ಉದ್ದಕ್ಕೆ ಬಟ್ಟೆ ಹಾಸಿತ್ತು, ಯಾತ್ರಿಕರು ಎರಡೂ ಕಡೆ ಕೂತಿದ್ದರು. ಬಂದವರು ತಂದ ಕುರಿಯನ್ನು ಅಲ್ಲಿರುವವರೆಲ್ಲ ಹಂಚಿಕೊಂಡು ಉಣ್ಣುತ್ತಾರೆ. ಎಲ್ಲರಿಗಿಂತ ಮೇಲೆ ಅತಿರೌ ಕಡೆಯಿಂದ ಬಂದ ಬಿಳಿಗಡ್ಡದ ಮುದುಕನೊಬ್ಬ ಕೂತಿದ್ದ, ಅವನ ಪಕ್ಕದಲ್ಲಿ ಸಗಿದೊಲ್ಲಾ ತಾನೇ ಹೋಗಿ ಜಾಗ ಮಾಡಿಕೊಂಡ. ಇವರ ಕುರಿಯೇ ಬೆಂದು ಬಂದಿತ್ತು. ಬಡಿಸುವವನು ತಲೆಯನ್ನು ಮುದುಕನ ಮುಂದೆ ಇಟ್ಟ.

"ನನಗೆ ಹಲ್ಲಿಲ್ಲಪ್ಪ" ಎಂದ ಮುದುಕ, ಹರಿವಾಣವನ್ನು ಸಗಿದೊಲ್ಲಾನ ಕಡೆ ತಿರುಗಿಸುತ್ತ. "ಕುರಿ ತಂದವನು ನೀನು, ನೀನೇ ಹಿಡಿ. ಅಂದ ಹಾಗೆ, ನಿಮ್ಮಪ್ಪ ಇದಾರೇನು?"

ಕೋಣೆಯಲ್ಲಿ ಬೇರೆ ಮಾತುಗಳು ನಡೆದೇ ಇದ್ದವು. ಸಗಿದೊಲ್ಲಾ ಎದೆಯ ಮೇಲೆ ಕೈಯಿಟ್ಟುಕೊಂಡ.

"ಅಪ್ಪನ ಆಶೀರ್ವಾದದಿಂದಲೇ ನಾವೆಲ್ಲ ಇದೀವಿ ಹಿರೀಕರೇ" ಎಂದು ಚಾಕುವಿಗೆ ಕೈ ಹಾಕಿದ.

ಹೌದೂ ಅಲ್ಲ, ಇಲ್ಲವೂ ಅಲ್ಲ. ಕಚೇರಿಯಲ್ಲಿ ನೀರು ಯಾವಾಗ ಬರುತ್ತದೆಂದು ಕೇಳಿದವರಿಗೂ ಅವನು ಹೀಗೇ ಹೇಳುತ್ತಿದ್ದಿರಬೇಕು. ಉಲ್ಮೆಕೆನ್ ಎದ್ದು ಕಿಟಕಿಯ ಹತ್ತಿರ ಹೋದಳು, ಫೋನು ಹಿಡಿಯುತ್ತಿದ್ದುದು ಅಲ್ಲೇ. ಮನೆಗೆ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ದನಿ ಏರಿಸಿ, ಫೋನನ್ನು ತಟ್ಟೆ ಹಿಡಿದ ಹಾಗೆ ಮುಂದೆ ಹಿಡಿದುಕೊಂಡಳು.

ಆ ಕಡೆ ಕೆಮ್ಮು. ಆಮೇಲೆ ಮುದುಕನ ಗಟ್ಟಿ ದನಿ, ಫೋನು ಬಂದರೆ ಅವನು ಯಾವಾಗಲೂ ಮೊದಲು ಕೇಳುವ ಪ್ರಶ್ನೆ: "ಯಾರು ಸತ್ರು?"

"ನೀನೇ ಅಂತೆ ಅಪ್ಪ" ಎಂದಳು ಉಲ್ಮೆಕೆನ್.

ಉಣ್ಣುತ್ತಿದ್ದವರ ಕೈಗಳು ಹರಿವಾಣದ ಮೇಲೇ ನಿಂತವು.

"ಯಾವಾಗ?" ಎಂದಿತು ಫೋನು.

"ನಿನ್ನೆ, ಸೆನೆಕ್‌ನಲ್ಲಿ. ಒತಾರ್ಬಾಯ್ ನಿನ್ನ ಹೆಸರಲ್ಲಿ ಕುರಾನ್ ಓದಿದ. ಬಾಲ್ಸೆಕೆರ್ ಅತ್ತೆ ಹಾಡಿ ಹಾಡಿ ಅತ್ಲು."

"ಬಾಲ್ಸೆಕೆರ್ ಇನ್ನೂ ಇದಾಳಾ? ಯಾವತ್ತೋ ಹೋದ್ಲು ಅಂದ್ಕೊಂಡಿದ್ದೆ. ಚೆನ್ನಾಗಿ ಅತ್ಲಾ?"

"ಚೆನ್ನಾಗೇ ಅತ್ಲು. ನಿನ್ನ ಮಗ ಎರಡು ಮನೇಲೂ ತಲೆ ತಿಂದ. ಈಗ ಸಂತರ ಮನೇಲಿ ಮೂರನೇದು ಮುಂದಿದೆ, ಚಾಕು ಹಿಡಿದು ಕೂತಿದಾನೆ. ಇಲ್ಲೊಬ್ರು ಹಿರೀಕರು ಅಪ್ಪ ಇದಾರಾ ಅಂತ ಕೇಳ್ತಿದಾರೆ. ಏನು ಹೇಳ್ಲಿ?"

ಫೋನಿನಲ್ಲಿ ಬಟ್ಟಲು ಕೆಳಗಿಟ್ಟ ಸದ್ದು ಕೇಳಿಸಿತು. ಮುದುಕ ಯೋಚಿಸುತ್ತಿದ್ದ. ಸಗಿದೊಲ್ಲಾನ ಕತ್ತು ಕೆಂಪಗಾಗಿ, ಕೆಂಪು ಕಿವಿಗೇರಿತು. ಬಿಬಜಾರ್ ಹಾಲುಬಣ್ಣದ ನಿಲುವಂಗಿಯ ಗುಂಡಿ ತಿರುವುತ್ತಿದ್ದಳು.

"ತಿಂದಾಯ್ತಲ್ಲ, ಇನ್ನು ಹೊಟ್ಟೆಯಿಂದ ಎಳೆಯೋಕಾಗುತ್ತಾ?" ಎಂದ ಕೊಸ್ಬೆರ್ಗೆನ್. "ಸತ್ತಿದೀನಿ ಅಂತ ಮಗನೇ ಒಪ್ಕೊಂಡ್ಮೇಲೆ ನಂದೇನು ತಕರಾರು. ಆದ್ರೆ ಹೆಣ ಮಗನ ಮನೆಯಿಂದ ಏಳ್ಬೇಕು. ಅಳಿಯನ ಮನೇಲಿ ಎಷ್ಟು ದಿನ ಅಂತ ಇಟ್ಕೊಳ್ತೀರಿ, ನಾರುತ್ತೆ. ಬಂದು ಎತ್ಕೊಂಡು ಹೋಗು ಅನ್ನು."

ಬಾಗಿಲ ಬಳಿ ಯಾರೋ ಕಿಸಕ್ಕನೆ ನಕ್ಕು, ಅಲ್ಲೇ ನಿಲ್ಲಿಸಿದರು. ಅತಿರೌ ಮುದುಕ ನಗಲಿಲ್ಲ. ಸಗಿದೊಲ್ಲಾನ ಕೈಯಿಂದ ಚಾಕು ತೆಗೆದುಕೊಂಡು, ಹರಿವಾಣವನ್ನು ತನ್ನ ಕಡೆ ತಿರುಗಿಸಿಕೊಂಡು, ಹಲ್ಲಿಲ್ಲದ ಬಾಯಿಗೆ ಒಂದು ಚೂರು ಕೆನ್ನೆಯ ಮಾಂಸ ಇಟ್ಟುಕೊಂಡ. ನಿಧಾನವಾಗಿ ಚೀಪಿದ ಮೇಲೆ ಹೇಳಿದ.

"ನಿಮ್ಮಪ್ಪ ಕರೀತಿದಾನೆ. ಹೋಗು. ಹೋಗ್ತಾ ಆ ಎರಡು ಮನೆ ಮುಂದೇನೂ ಇಳಿದು, ಅಪ್ಪ ಇದಾನೆ ಅಂತ ನಿನ್ನ ಬಾಯಿಂದ್ಲೇ ಹೇಳಿ ಹೋಗು. ಊಟ ಮಾಡ್ಕೊಂಡು ಹೋಗು ಅಂತ ನಾನು ಹೇಳಲ್ಲ."

ಸಗಿದೊಲ್ಲಾ ಎದ್ದ. ಅಷ್ಟು ಜನರ ಕಣ್ಣು ದಾಟಿ ಬಾಗಿಲವರೆಗೆ ನಡೆದ ದಾರಿ ಬೆಕೆಟ್-ಅತಾದ ಏರಿಗಿಂತ ಕಡಿದಾಗಿತ್ತು. ಉಲ್ಮೆಕೆನ್ ಕೂತು ನೆಮ್ಮದಿಯಾಗಿ ಊಟ ಮಾಡಿ, ಕೈ ತೊಳೆದು, ಆಮೇಲೆ ಜೀಪು ಹತ್ತಿದಳು. ಮಾಂಸ ಹದವಾಗಿ ಬೆಂದಿತ್ತು. ಅದನ್ನು ಅಡುಗೆಯವನಿಗೆ ಹೇಳಿಯೂ ಬಂದಳು, ಇದು ಅವಳ ಬದುಕಿನಲ್ಲಿ ಬಹುಶಃ ಮೊದಲ ಸಲ.

ಹಿಂತಿರುಗುವಾಗ ಸಗಿದೊಲ್ಲಾ ಎರಡೂ ಕಡೆ ಇಳಿದ. ಒತಾರ್ಬಾಯ್ ಬೆಪ್ಪಾಗಿ ಅಂಗೈ ನೋಡಿಕೊಂಡ. ಬಾಲ್ಸೆಕೆರ್ ಸಿಟ್ಟಿಗೆದ್ದಳು.

"ಹಾಗಾದ್ರೆ ನಾನು ಅತ್ತಿದ್ದು?"

"ಜಮಾ ಇಟ್ಕೊಳ್ಳಿ ಅತ್ತೆ, ಮುಂದೆ ಬೇಕಾಗುತ್ತೆ" ಎಂದಳು ಉಲ್ಮೆಕೆನ್. ತಲೆವಸ್ತ್ರವನ್ನು ವಾಪಸು ಕೊಡಹೋದರೆ ಮುದುಕಿ ತೆಗೆದುಕೊಳ್ಳಲಿಲ್ಲ.

ಜಾನಾಓಜೆನ್ ಮುಟ್ಟಿದಾಗ ಮಾರನೆಯ ದಿನ ಮಧ್ಯಾಹ್ನ. ಕೊಸ್ಬೆರ್ಗೆನ್ ಸಿದ್ಧನಾಗಿ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಹಬ್ಬದ ಕೋಟು, ಬೆಳ್ಳಿ ಬಕ್ಕಲಿನ ಪಟ್ಟಿ, ಕಾಲ ಬಳಿ ಹಾಸಿಗೆಯ ಗಂಟು. ಗಡ್ಡ ಬಾಚಿಸಿಕೊಂಡಿದ್ದ. ಬಿಬಜಾರ್ ಹಿಂದಿನ ಸೀಟಿಗೆ ಹೋದಳು, ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಸಗಿದೊಲ್ಲಾ ಅಪ್ಪನನ್ನು ಕಂಕುಳಿಗೆ ಕೈಕೊಟ್ಟು ಎತ್ತಿದ, ಮುಂದಿನ ಸೀಟಿನಲ್ಲಿ ಕೂರಿಸಿದ, ಸೀಟಿನ ಪಟ್ಟಿ ಬಿಗಿದ. ನೆರೆಹೊರೆಯವರು ಹೊರಬಂದು ನಿಂತಿದ್ದರು. ಉಲ್ಮೆಕೆನ್‌ಗೆ ಎದೆ ತುಂಬಿತ್ತು. ಗೆದ್ದವಳು ಅವಳು. ತೆರೆದ ಕಿಟಕಿಗೆ ಬಾಗಿ ಅಪ್ಪನ ಕೋಟಿನ ಕಾಲರು ಸರಿಮಾಡಿದಳು. ಅವನು ಏನಾದರೂ ಹೇಳುತ್ತಾನೆಂದು ಕಾದಳು.

ಕೊಸ್ಬೆರ್ಗೆನ್ ಮಗನ ಕಡೆ ತಿರುಗಿದ.

"ಮನೇಗೆ ಹೋದ ತಕ್ಷಣ ಒಂದು ಟೀ ಕುಡಿಯೋಣಪ್ಪ" ಎಂದ. "ಆರು ವರ್ಷ ಆಯ್ತು ಟೀ ಅಂತ ಕುಡ್ದು. ಇವಳ ಮನೇದು ಒಂದಿನಾನೂ ಬಾಯಿಗೆ ಹತ್ತಲಿಲ್ಲ, ಪಾತ್ರೆ ತೊಳೆದ ನೀರು. ಅನ್ನಬಾರ್ದು ಅಂತ ಸುಮ್ಮನಿದ್ದೆ."

ಜೀಪು ಹೋಯಿತು. ಅವನು ತಿರುಗಿ ನೋಡಲಿಲ್ಲ, ಮುಂದಿನ ರಸ್ತೆ ನೋಡುತ್ತಿದ್ದ, ಹೊಸ ಕೊಳದ ಕಡೆಗೆ ಹೊರಟ ಒಂಟೆಯ ಹಾಗೆ ಕತ್ತು ಉದ್ದ ಮಾಡಿ.

ಒಳಗೆ ಬಂದು ಅವಳು ಗೋಡೆಗೊರಗಿ ನಿಂತಳು. ಅಳು ಬಂತು, ಅಳು ಬಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಒಲೆಯ ಮೇಲೆ ಪಕ್ಕದ ಮನೆಯಾಕೆ ಬೆಳಗ್ಗೆ ಇವಳು ಹೇಳಿಕೊಟ್ಟ ಹಾಗೆಯೇ ಕಾಸಿದ ಟೀ ಉಳಿದಿತ್ತು. ಬಗ್ಗಿಸಿಕೊಂಡು ಕುಡಿದಳು. ನೀರು. ಅಪ್ಪನ ಎದೆಗೆ ಕಡು ಟೀ ಆಗದೆಂದು ವೈದ್ಯರು ಮೊದಲ ವಾರವೇ ಹೇಳಿದ್ದರು. ಅವನಿಗೆ ಬೇಸರವಾಗಬಾರದೆಂದು ಅವಳೂ ಆರು ವರ್ಷ ಅದನ್ನೇ ಕುಡಿದಿದ್ದಳು, ರುಚಿ ಯಾವತ್ತು ಸತ್ತಿತೋ ತಿಳಿಯಲೂ ಇಲ್ಲ.

ಪಾತ್ರೆ ಬರಿದು ಮಾಡಿ, ಹೊಸ ನೀರಿಟ್ಟು, ಟೀ ಸೊಪ್ಪು ಎರಡರಷ್ಟು ಹಾಕಿ, ಒಂಟೆ ಹಾಲು ಸುರಿದು ಕಡುಗೆಂಪಾಗುವಂತೆ ಕುದಿಸಿದಳು. ಬೇಡ ಅನ್ನುವವರು ಮನೆಯಲ್ಲಿ ಯಾರೂ ಇರಲಿಲ್ಲ. ಟೀ ಬಹಳ ಚೆನ್ನಾಗಿತ್ತು. ಅದನ್ನು ಮಾತ್ರ ಅವಳಿಂದ ತಡೆದುಕೊಳ್ಳಲಾಗಲಿಲ್ಲ.